ಒಂದೇ ಸಾಮಾನು ಮೂರು ಸಲ ಹೋಯ್ತಾ? ಸಾಮಾನನ್ನ ಬಿಡಿ, ಅದನ್ನ ಕೊಲ್ತಿರೋದು ಯಾವುದು ಅಂತ ಹುಡುಕಿ

ಮೂಡಿಗೆರೆ: ಹೋದ ಮಳೆಗಾಲದಿಂದ ಈ ಮಳೆಗಾಲದೊಳಗೆ ನಮ್ಮ ಮಾವನ ಗಾಡಿಯ ಹಿಂದಿನ ಕ್ರಾಸ್ ಮೂರು ಸಲ ಹೋಯ್ತು. ಗಾಡಿಗೆ 14 ವರ್ಷ. ಹಿಂದಿನ ಸೀಟು ಬಿಚ್ಚಿಟ್ಟು ಚಿಕ್ಕಮಗಳೂರಿಂದ ಅಂಗಡಿಗೆ ಅಕ್ಕಿ, ಬೇಳೆ, ಎಣ್ಣೆ ತರೋದು ಇದರಲ್ಲೇ. ಮೂರನೇ ಸಲ ಹೋಗಿದ್ದು ಹ್ಯಾಂಡ್‌ಪೋಸ್ಟ್ ಹತ್ತಿರದ ಏರಲ್ಲಿ. ಸಂಜೆ ಹೊತ್ತು, ಮಳೆ, ಗಾಡಿ ತುಂಬ ಲೋಡು. ಠಣ್ ಅಂತ ಒಂದು ಸದ್ದು. ಆಮೇಲೆ ಎಷ್ಟು ಎಕ್ಸಲೇಟರ್ ಕೊಟ್ಟರೂ ಇಂಜಿನ್ ಕೂಗ್ತದೆ, ಗಾಡಿ ಮಾತ್ರ ಹಿಂದಕ್ಕೆ ಜಾರ್ತದೆ. ನಾನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ.

ಪ್ರತಿ ಸಲ ಸಾಮಾನು, ಕೂಲಿ ಸೇರಿ ಒಂದೂವರೆ ಸಾವಿರ. ಲೋಡು ತರೋಕೆ ಬೇರೆ ಗಾಡಿ ಬಾಡಿಗೆ, ಅರ್ಧ ದಿನ ಅಂಗಡಿ ಬಾಗಿಲು ಹಾಕಿದ ನಷ್ಟ ಬೇರೆ. ಮಾವ "ಈಗ ಬರೋ ಸಾಮಾನೆಲ್ಲ ಡೂಪ್ಲಿಕೇಟ್ ಕಣೋ" ಅಂತ ಬೈಕೊಂಡು ಮೂರೂ ಸಲ ಹೊಸ ಕ್ರಾಸ್ ಹಾಕಿಸಿದ್ರು. ಡೂಪ್ಲಿಕೇಟ್ ಸಾಮಾನು ಬರ್ತದೆ, ಅದು ಸುಳ್ಳಲ್ಲ. ಆದ್ರೆ ಮೂರು ಬೇರೆ ಬೇರೆ ಅಂಗಡಿಯ ಮೂರು ಕ್ರಾಸೂ ನಾಲ್ಕೇ ತಿಂಗಳಿಗೆ ಹೋದ್ರೆ ತಪ್ಪು ಕ್ರಾಸಿಂದಲ್ಲ. ನಮ್ಮ ತಾಲೂಕಲ್ಲಿ ಹಳೆ ಗಾಡಿ ಇಟ್ಕೊಂಡು ವ್ಯಾಪಾರ ಮಾಡೋರು, ಬಾಡಿಗೆ ಹೊಡೆಯೋರು, ತೋಟದ ಕೆಲಸಕ್ಕೆ ಓಡಿಸೋರು ಬಹಳ ಜನ. ಅವರಿಗೆಲ್ಲ ಉಪಯೋಗ ಆಗ್ಲಿ ಅಂತ ಈ ಬರಹ.

ಮೊದಲು ಶಕ್ತಿ ಹೋಗೋ ದಾರಿ

ಬೊಲೆರೊ, ಸುಮೊ, ಕ್ವಾಲಿಸ್, ಹಳೆ ಸ್ಕಾರ್ಪಿಯೊ ಇಂಥ ಗಾಡಿಗಳಲ್ಲಿ ಇಂಜಿನ್ ಮುಂದೆ, ಓಡೋ ಚಕ್ರ ಹಿಂದೆ. ಇಂಜಿನ್ ಶಕ್ತಿ ಕ್ಲಚ್ ದಾಟಿ ಗೇರ್‌ಬಾಕ್ಸಿಗೆ ಬರ್ತದೆ. ಅಲ್ಲಿಂದ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಹೌಸಿಂಗಿಗೆ. ಹೌಸಿಂಗ್ ಒಳಗೆ ಕ್ರೌನ್ ಪಿನಿಯನ್, ಅಲ್ಲಿಂದ ಆಕ್ಸಲ್, ಆಮೇಲೆ ಚಕ್ರ.

ಗೇರ್‌ಬಾಕ್ಸು ಚಾಸಿಗೆ ಕಟ್ಟಿರ್ತದೆ, ಅಲ್ಲಾಡಲ್ಲ. ಹೌಸಿಂಗ್ ಮಾತ್ರ ಗುಂಡಿ ಬಂದಾಗಲೆಲ್ಲ ಮೇಲೆ ಕೆಳಗೆ ಕುಣಿತದೆ. ಇವೆರಡರ ಮಧ್ಯೆ ಗಟ್ಟಿ ರಾಡ್ ಹಾಕಿದ್ರೆ ಮೊದಲ ಗುಂಡಿಗೇ ಮುರಿತದೆ. ಅದಕ್ಕೇ ಶಾಫ್ಟಿನ ಎರಡು ತುದಿಗೂ ಪ್ಲಸ್ ಆಕಾರದ ಕ್ರಾಸ್ ಇಟ್ಟಿರೋದು. ಅದರ ನಾಲ್ಕು ತುದಿಗೂ ಒಂದೊಂದು ಕಪ್, ಕಪ್ ಒಳಗೆ ಸೂಜಿಯಂಥ ಸಣ್ಣ ಬೇರಿಂಗುಗಳು. ಈ ಉಪಾಯ ಹೊಸದೇನಲ್ಲ. 16ನೇ ಶತಮಾನದ ಇಟಲಿಯ ಕಾರ್ಡಾನೊ, 17ನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರಲ್ಲೂ ಈ ಜಾಯಿಂಟನ್ನ ಕರೀತಾರೆ.

ಕ್ರಾಸಿನ ಒಂದು ಗುಟ್ಟು

ಕ್ರಾಸ್ ಓರೆಯಾಗಿ ತಿರುಗುವಾಗ ಒಂದು ವಿಚಿತ್ರ ನಡೀತದೆ. ಗೇರ್‌ಬಾಕ್ಸ್ ಕಡೆಯಿಂದ ಒಂದೇ ವೇಗದಲ್ಲಿ ತಿರುಗಿಸಿದ್ರೂ ಕ್ರಾಸ್ ದಾಟಿದ ಮೇಲೆ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಜೋರಾಗ್ತದೆ, ಎರಡು ಸಲ ನಿಧಾನ ಆಗ್ತದೆ. ಓರೆ ಹೆಚ್ಚಾದಷ್ಟು ಈ ಎಳೆದಾಟ ಹೆಚ್ಚು.

ಹಾಗಾದ್ರೆ ಗಾಡಿ ಯಾಕೆ ನಡುಗಲ್ಲ? ಹಿಂದಿನ ಕ್ರಾಸ್ ಅಷ್ಟೇ ಎಳೆದಾಟವನ್ನ ಉಲ್ಟಾ ಮಾಡಿ ಸರಿ ಮಾಡ್ತದೆ. ಆದ್ರೆ ಇದಕ್ಕೆ ಎರಡು ಶರತ್ತು. ಒಂದು, ಮುಂದಿನ ಕ್ರಾಸ್ ಎಷ್ಟು ಓರೆ ಇದೆಯೋ ಹಿಂದಿನದೂ ಅಷ್ಟೇ ಇರಬೇಕು. ವ್ಯತ್ಯಾಸ 1 ಡಿಗ್ರಿ ಒಳಗಿರಲಿ ಅನ್ನೋದು ಸಾಮಾನ್ಯ ಲೆಕ್ಕ. ಎರಡು, ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರದಲ್ಲಿ ಇರಬೇಕು. ಎರಡರಲ್ಲಿ ಒಂದು ತಪ್ಪಿದ್ರೂ ಎಳೆದಾಟ ಉಳಿದುಬಿಡ್ತದೆ, ಅದನ್ನ ಕ್ರಾಸು, ಪಿನಿಯನ್ ಬೇರಿಂಗು, ಗೇರ್‌ಬಾಕ್ಸಿನ ಹಿಂದಿನ ಬೇರಿಂಗು ತಿಂತವೆ.

ಇದು ಎಷ್ಟು ಜೋರಿನ ಏಟು ಅಂತ ಲೆಕ್ಕ ಹಾಕಿ. ಟಯರಿನ ಸುತ್ತಳತೆ 2.2 ಮೀಟರ್ ಅಂದ್ಕೊಳ್ಳಿ. 60 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 450 ಸುತ್ತು. ಕ್ರೌನ್ ಪಿನಿಯನ್ ಲೆಕ್ಕ ಒಂದಕ್ಕೆ ನಾಲ್ಕು ಅಂತಿಟ್ಕೊಂಡ್ರೆ ಶಾಫ್ಟ್ 1,800 ಸುತ್ತು. ಸುತ್ತಿಗೆ ಎರಡು ಎಳೆತ, ಅಂದ್ರೆ ನಿಮಿಷಕ್ಕೆ 3,600 ಏಟು. ಚಿಕ್ಕಮಗಳೂರಿಂದ ಇಲ್ಲಿಗೆ ಸುಮಾರು 30 ಕಿ.ಮೀ. ದಾರಿ. ಬರೋಷ್ಟರಲ್ಲಿ ಲಕ್ಷಕ್ಕೂ ಮೇಲೆ ಏಟು. ಇಷ್ಟು ಹೊಡೆತಕ್ಕೆ ಎಂಥ ಒರಿಜಿನಲ್ ಕ್ರಾಸೂ ತಡಿಯಲ್ಲ.

ಮಾವನ ಗಾಡಿಯಲ್ಲಿ ಸಿಕ್ಕಿದ್ದು

ಮೂರನೇ ಸಲ ಹೋದಾಗ ಬೇರೆ ಮೇಸ್ತ್ರಿ ಹತ್ರ ಹೋದ್ವಿ. ವಯಸ್ಸಾದವರು, ಮೊದಲು ಲಾರಿ ಕೆಲಸ ಮಾಡ್ತಿದ್ರಂತೆ. ಅವರು ಹೊಸ ಕ್ರಾಸ್ ತರೋಕೆ ಹೇಳಲಿಲ್ಲ. "ಹಳೇದು ಎಲ್ಲಿ, ಅದನ್ನ ಕೊಡಿ" ಅಂದ್ರು. ಬಟ್ಟೆಯಲ್ಲಿ ಒರೆಸಿ ನೋಡಿ, "ಅಣ್ಣ, ಇದು ತಾನಾಗಿ ಸತ್ತಿಲ್ಲ, ಇದನ್ನ ಯಾರೋ ಸಾಯಿಸಿದ್ದಾರೆ" ಅಂತ ನಕ್ಕರು. ಕ್ರಾಸಿನ ಮೈ ಮೇಲೆ ಸೂಜಿ ಬೇರಿಂಗಿನ ಗೆರೆ ಒತ್ತಿ ಕೂತಿತ್ತು. ಗ್ರೀಸ್ ಇತ್ತು, ತುಕ್ಕು ಇರಲಿಲ್ಲ. ಅಂದ್ರೆ ಗ್ರೀಸ್ ಇಲ್ಲದೆ ಹೋಗಿದ್ದಲ್ಲ, ಏಟು ತಿಂದು ಹೋಗಿದ್ದು.

ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿದ್ರು. ನನ್ನ ಮೊಬೈಲ್ ಇಸ್ಕೊಂಡು, ಮಟ್ಟ ನೋಡೋ ಆಪ್ ಹಾಕಿಸಿ, ಗೇರ್‌ಬಾಕ್ಸಿನ ಹಿಂದೆ ಒಂದು ಸಲ, ಹೌಸಿಂಗ್ ಮೂತಿಯಲ್ಲಿ ಒಂದು ಸಲ ಹಿಡಿದ್ರು. ಒಂದು ಕಡೆ 3 ಡಿಗ್ರಿ, ಇನ್ನೊಂದು ಕಡೆ 7. ಎರಡೂ ಸಮ ಇರಬೇಕಿತ್ತು.

ಆಗ ಮಾವನಿಗೆ ನೆನಪಾಯ್ತು. ಎರಡು ವರ್ಷದ ಹಿಂದೆ ಲೋಡಿಗೆ ಹಿಂಭಾಗ ಕೂರ್ತದೆ ಅಂತ ಲೀಫ್ ಸ್ಪ್ರಿಂಗಿಗೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿ, ಹಿಂದಿನ ಶ್ಯಾಕಲ್ ಉದ್ದದ್ದು ಹಾಕಿಸಿದ್ರು. ಗಾಡಿ ಎತ್ತರ ಆಯ್ತು, ನೋಡೋಕೂ ಚೆನ್ನಾಗಿ ಕಂಡಿತು. ಆದ್ರೆ ಶ್ಯಾಕಲ್ ಉದ್ದ ಆದಾಗ ಸ್ಪ್ರಿಂಗೇ ಓರೆ ಆಗಿ, ಅದಕ್ಕೆ ಕಟ್ಟಿರೋ ಹೌಸಿಂಗಿನ ಮೂತಿ ಮೇಲಕ್ಕೆ ತಿರುಗ್ತದೆ. ಲೋಡ್ ಹಾಕಿ ಏರಲ್ಲಿ ಎತ್ತಿದ್ರೆ ಮೂತಿ ಇನ್ನೂ ಮೇಲೇಳ್ತದೆ. ಮೂರು ಸಲವೂ ಏರಲ್ಲೇ ಯಾಕೆ ಹೋಯ್ತು ಅಂತ ಅವತ್ತು ಗೊತ್ತಾಯ್ತು.

ಇನ್ನೂ ಒಂದಿತ್ತು. ಶಾಫ್ಟಿನ ಮಧ್ಯೆ ಒಂದರೊಳಗೊಂದು ಜಾರೋ ಹಲ್ಲಿನ ಜಾಯಿಂಟ್ ಇರ್ತದೆ. ಮೊದಲ ಸಲ ಬಿಚ್ಚಿದಾಗ ಗುರುತು ಹಾಕದೆ ಎಳೆದು, ವಾಪಸ್ ಹಾಕುವಾಗ ಒಂದು ಹಲ್ಲು ತಪ್ಪಿಸಿ ಹಾಕಿದ್ರು. ಎರಡು ತುದಿಯ ಕವೆ ನೇರ ಇರಲಿಲ್ಲ. ಅಂದ್ರೆ ಮೊದಲನೇ ಕ್ರಾಸ್ ಹೋಗಿದ್ದು ಓರೆಯಿಂದ, ಆಮೇಲಿನ ಎರಡು ಹೋಗಿದ್ದು ಓರೆ ಜೊತೆಗೆ ಆ ಒಂದು ಹಲ್ಲಿನಿಂದ.

ಹಳೆ ಅಳತೆಯ ಶ್ಯಾಕಲ್ ಹಾಕಿದ್ರು, ಜಾಸ್ತಿ ಪ್ಲೇಟ್ ತೆಗೆದ್ರು, ಕವೆ ನೇರ ಮಾಡಿದ್ರು, ಹರಿದುಹೋಗಿದ್ದ ಗೇರ್‌ಬಾಕ್ಸ್ ಫೌಂಡೇಶನ್ ರಬ್ಬರ್ ಬದಲಾಯಿಸಿದ್ರು. ಮತ್ತೆ ಮೊಬೈಲ್ ಇಟ್ಟು ನೋಡಿದ್ರೆ ವ್ಯತ್ಯಾಸ 1 ಡಿಗ್ರಿಗಿಂತ ಕಮ್ಮಿ.

ಹಳೆ ಸಾಮಾನು ಏನು ಹೇಳ್ತದೆ

ಗ್ಯಾರೇಜಲ್ಲಿ ಬಿಚ್ಚಿದ ಹಳೆ ಸಾಮಾನನ್ನ ಬಿಟ್ಟು ಬರಬೇಡಿ. ಕೇಳಿ ಇಸ್ಕೊಳ್ಳಿ. ಕ್ರಾಸ್ ಆದ್ರೆ ಹೀಗೆ ನೋಡಿ:

- ಕಪ್ ಒಳಗೆ ಕೆಂಪು ಪುಡಿ, ತುಕ್ಕು: ನೀರು ಹೋಗಿದೆ ಅಥವಾ ಗ್ರೀಸ್ ಒಣಗಿದೆ.
- ಸೂಜಿಯ ಗೆರೆ ಒತ್ತಿದ ಗುರುತು: ಲೋಡ್ ಜಾಸ್ತಿ ಅಥವಾ ಓರೆ ತಪ್ಪಿದೆ.
- ನೀಲಿ ಬಣ್ಣ ತಿರುಗಿದೆ: ಬಿಸಿಯಾಗಿ ಸುಟ್ಟಿದೆ.
- ಸವೆತವೇ ಇಲ್ಲದೆ ಕಟ್ ಅಂತ ಮುರಿದಿದೆ: ಒಮ್ಮೆಲೇ ಬಿದ್ದ ಏಟು. ಕೆಸರಲ್ಲಿ ಹೂತಾಗ ರೇಸ್ ಮಾಡಿ ಕ್ಲಚ್ ದಬಕ್ಕನೆ ಬಿಟ್ಟರೆ ಹೀಗಾಗ್ತದೆ.

ಬೇರೆ ಸಾಮಾನು ಪದೇ ಪದೇ ಹೋಗ್ತಿದ್ರೂ ನಿಯಮ ಒಂದೇ.

ಕ್ಲಚ್ ಪ್ಲೇಟ್: ಹಳೆ ಪ್ಲೇಟಿಗೆ ಎಣ್ಣೆ ಮೆತ್ತಿದ್ರೆ ಇಂಜಿನ್ ಹಿಂದಿನ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸಿನ ಮುಂದಿನ ಸೀಲ್ ಸೋರ್ತಿದೆ. ಅದನ್ನ ಬಿಟ್ಟು ಪ್ಲೇಟ್ ಮಾತ್ರ ಹಾಕಿದ್ರೆ ಮತ್ತೆ ಅದೇ ಕಥೆ. ಎಣ್ಣೆ ಇಲ್ಲ ಅಂದ್ರೆ ಪೆಡಲ್ ಆಟ ನೋಡಿಸಿ. ಘಾಟಿಯಲ್ಲಿ ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸೋ ಅಭ್ಯಾಸ ಇದ್ಯಾ ಅಂತ ನಿಮ್ಮನ್ನೇ ಕೇಳ್ಕೊಳ್ಳಿ.

ಆಕ್ಸಲ್ ಸೀಲ್: ಹೌಸಿಂಗ್ ಮೇಲೆ ಗಾಳಿ ಹೋಗೋಕೆ ಒಂದು ಸಣ್ಣ ಬ್ರೀದರ್ ಇರ್ತದೆ. ನಮ್ಮ ಕಡೆ ಕೆಸರಿಗೆ ಅದು ಕಟ್ಟಿಕೊಳ್ತದೆ. ಒಳಗೆ ಬಿಸಿಯಾದ ಗಾಳಿಗೆ ಹೊರಗೆ ದಾರಿ ಇಲ್ಲದೆ ಸೀಲನ್ನೇ ತಳ್ಳಿ ಎಣ್ಣೆ ಹೊರಗೆ ಬರ್ತದೆ. ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನ ಸೀಲಿನಿಂದ ಎಳ್ಕೊಳ್ತದೆ. ಹೌಸಿಂಗ್ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಕಂಡ್ರೆ ನೀರು ಸೇರಿದೆ ಅಂತಲೇ ಅರ್ಥ. ಸೀಲಿನ ಜೊತೆ ಬ್ರೀದರನ್ನೂ ಕ್ಲೀನ್ ಮಾಡಿಸಿ.

ಹೌಸಿಂಗ್ ಒಳಗಿನ ಸಣ್ಣ ಹಲ್ಲುಗಳು: ಹಿಂದಿನ ಎಡ, ಬಲ ಟಯರ್ ಒಂದೇ ಅಳತೆ ಇದ್ಯಾ ನೋಡಿ. ಒಂದು ಹೊಸದು, ಒಂದು ಬೋಳು ಆದ್ರೆ ನೇರ ರಸ್ತೆಯಲ್ಲೂ ಆ ಹಲ್ಲುಗಳಿಗೆ ಬಿಡುವೇ ಇಲ್ಲ.

ಫೋರ್ ವೀಲ್ ಇರೋ ತೋಟದ ಜೀಪು: ಕೆಸರು ದಾಟಿ ಒಣ ಡಾಂಬರಿಗೆ ಬಂದ ಮೇಲೂ ಫೋರ್ ವೀಲ್ ಲಿವರ್ ತೆಗೀದೆ ಓಡಿಸಬೇಡಿ. ತಿರುವಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡ್ತವೆ. ಆ ವ್ಯತ್ಯಾಸಕ್ಕೆ ಡಾಂಬರಿನ ಮೇಲೆ ಜಾರೋಕೆ ಜಾಗ ಇಲ್ಲ, ಕ್ರಾಸು, ಗೇರು ತಿರುಚಿಕೊಳ್ತವೆ.

ಮುಂಚೆಯೇ ಗೊತ್ತಾಗೋದು ಹೇಗೆ

ನಿಂತ ಗಾಡಿ ಎತ್ತುವಾಗ, ರಿವರ್ಸ್ ಹಾಕುವಾಗ ಕೆಳಗೆ ಟಕ್ ಅಂತ ಸದ್ದು. ನಿಧಾನ ಹೋಗುವಾಗ ಇಲಿಯ ಹಾಗೆ ಚಿಂವ್ ಚಿಂವ್. ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ಸೀಟಿನ ಕೆಳಗೆ ನಡುಕ. ಇವು ಮೂರೂ ಶಾಫ್ಟ್ ಕಡೆಯ ಸೂಚನೆ.

ನಡುಕ ಯಾವ ಗೇರಲ್ಲಿ ಹೋದ್ರೂ ಅದೇ ವೇಗಕ್ಕೆ ಬಂದ್ರೆ ಶಾಫ್ಟ್ ಅಥವಾ ಟಯರ್. ಗೇರ್ ಬದಲಾಯಿಸಿದಾಗ ಬೇರೆ ವೇಗಕ್ಕೆ ಹೋದ್ರೆ ಇಂಜಿನ್, ಕ್ಲಚ್ ಕಡೆ. ಇದನ್ನ ಖಾಲಿ, ಸಮತಟ್ಟು ರಸ್ತೆಯಲ್ಲಿ ನೋಡಿ, ಘಾಟಿಯಲ್ಲಿ ಬೇಡ.

ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ ಶಾಫ್ಟನ್ನ ಕೈಯಲ್ಲಿ ಅಲ್ಲಾಡಿಸಿ. ಕ್ರಾಸ್ ಹತ್ರ ಲಟಲಟ ಅಂದ್ರೆ ಆವತ್ತೇ ಗ್ಯಾರೇಜು. ಓಡುವಾಗ ಶಾಫ್ಟಿನ ಮುಂದಿನ ತುದಿ ಕಳಚಿ ರಸ್ತೆಗೆ ಚುಚ್ಚಿದ್ರೆ ಗಾಡಿ ಪಲ್ಟಿ ಆಗೋ ಅಪಾಯವೂ ಇದೆ. ಇನ್ನೊಂದು ನೆನಪಿಡಿ: ಶಾಫ್ಟ್ ಕಟ್ ಆದ್ಮೇಲೆ ಗೇರಲ್ಲಿ ನಿಲ್ಲಿಸಿದ್ರೂ ಗಾಡಿ ನಿಲ್ಲಲ್ಲ, ಇಳಿಜಾರಲ್ಲಿ ಇಂಜಿನ್ ಹಿಡಿತವೂ ಇರಲ್ಲ. ಹ್ಯಾಂಡ್‌ಬ್ರೇಕು, ಕಲ್ಲು ಎರಡೂ ಬೇಕು.

ಗ್ಯಾರೇಜಲ್ಲಿ ಕೇಳಬೇಕಾದ್ದು

1. ಬಿಚ್ಚೋ ಮೊದಲು ಶಾಫ್ಟಿನ ಎಲ್ಲ ಜಾಯಿಂಟಿಗೂ ಬಣ್ಣದಲ್ಲೋ ಉಳಿಯಲ್ಲೋ ಗುರುತು ಹಾಕಿದ್ದೀರಾ?
2. ಗೇರ್‌ಬಾಕ್ಸ್ ಮತ್ತು ಹೌಸಿಂಗ್ ಓರೆ ಅಳೆದ್ರಾ, ಎಷ್ಟಿದೆ?
3. ಫೌಂಡೇಶನ್ ರಬ್ಬರ್, ಯು ಬೋಲ್ಟ್, ಸೆಂಟರ್ ಬೇರಿಂಗ್ ಇದ್ದರೆ ಅದನ್ನೂ ನೋಡಿದ್ರಾ?
4. ಹೊಸ ಕ್ರಾಸಿಗೆ ಗ್ರೀಸ್ ನಿಪ್ಪಲ್ ಇದ್ರೆ, ನಾಲ್ಕೂ ಕಪ್ಪಿನಿಂದ ಗ್ರೀಸ್ ಹೊರಗೆ ಬರೋವರೆಗೂ ಹೊಡೆದ್ರಾ?
5. ಹಳೇದು ಯಾಕೆ ಹೋಯ್ತು?

ಕೊನೇ ಪ್ರಶ್ನೆಗೆ "ಹಳೆ ಗಾಡಿ ಅಲ್ವಾ, ಹೋಗ್ತದೆ" ಅನ್ನೋದು ಉತ್ತರ ಅಲ್ಲ. ಜೊತೆಗೆ ನಿಮ್ಮ ಕಡೆಯಿಂದ ಒಂದು ಹಳೆ ನೋಟ್‌ಬುಕ್ ಇಡಿ. ಯಾವ ತಾರೀಕು, ಎಷ್ಟು ಕಿ.ಮೀ., ಯಾವ ಸಾಮಾನು, ಎಲ್ಲಿ ಹೋಯ್ತು, ಆಗ ಲೋಡೆಷ್ಟು, ಅದಕ್ಕೂ ಮೊದಲು ಗಾಡಿಗೆ ಏನು ಬದಲಾಯಿಸಿದ್ರಿ, ಇಷ್ಟು ಬರೆದಿಟ್ಟರೆ ಸಾಕು. ನಮ್ಮ ಮಾವ ಉದ್ರಿ ಲೆಕ್ಕ ಪೈಸೆ ಬಿಡದೆ ಬರೀತಾರೆ, ಗಾಡಿ ಲೆಕ್ಕ ಬರೆದಿರಲಿಲ್ಲ. ಬರೆದಿದ್ರೆ "ಶ್ಯಾಕಲ್ ಹಾಕಿಸಿದ ಮೇಲೆಯೇ ಶುರುವಾಗಿದ್ದು" ಅಂತ ಮೊದಲ ಸಲವೇ ಗೊತ್ತಾಗ್ತಿತ್ತು.

ಕೊನೆಗೆ ಲೋಡಿನ ವಿಷಯ. ಮಾವ ತರ್ತಿದ್ದದ್ದು 25 ಕೆ.ಜಿ.ಯ 28 ಚೀಲ, ಅಂದ್ರೆ 700 ಕೆ.ಜಿ. ಅದೇ ಗಾಡಿಯಲ್ಲಿ 7 ಜನ ಕೂತ್ರೆ ಸುಮಾರು 450ರಿಂದ 500 ಕೆ.ಜಿ. ಆಗ್ತದೆ. ಗಾಡಿ ಕಟ್ಟಿರೋದು ಅಷ್ಟಕ್ಕೇ. "ಅಣ್ಣ, ಪ್ಲೇಟ್ ಹಾಕಿದ್ರೆ ಸ್ಪ್ರಿಂಗ್ ತಡೀತದೆ, ಕ್ರಾಸ್ ತಡಿಯಲ್ಲ" ಅಂದ್ರು ಮೇಸ್ತ್ರಿ. ಈಗ ಮಾವ ವಾರಕ್ಕೆ ಒಂದರ ಬದಲು ಎರಡು ಟ್ರಿಪ್ ಹೋಗ್ತಾರೆ. ಡೀಸೆಲ್ ಜಾಸ್ತಿ ಆಯ್ತು ಅಂತ ಗೊಣಗ್ತಾರೆ. ಆದ್ರೆ ಮೊದಲು ಪ್ರತಿ ಕ್ರಾಸ್ ಹೋಗ್ತಿದ್ದದ್ದು ನಾಲ್ಕು ತಿಂಗಳಿಗೆ. ಈಗ ಐದನೇ ತಿಂಗಳು ನಡೀತಿದೆ, ಟಕ್ ಅನ್ನೋ ಸದ್ದು ಇನ್ನೂ ಬಂದಿಲ್ಲ.