ಮಳೆಗಾಲದ ಅಡುಗೆಗೆ ಮೊದಲೇ ಸಿದ್ಧತೆ: ಅಂಗಡಿ ಖರ್ಚು ಉಳಿಸುವ ಫ್ರೀಜರ್

ಹಾಲಿನ ಬಿಲ್ಲು ಕೈಗೆ ಬಂದರೆ ಮೊದಲು ಪಶು ಆಹಾರದ ಹಣ ಕಳೆಯುತ್ತೇವೆ. ಉಳಿದದ್ದರಲ್ಲಿ ಅಂಗಡಿ ಸಾಮಾನು, ಮಕ್ಕಳ ಫೀಸು, ಸ್ವಸಹಾಯ ಸಂಘದ ಕಂತು. ಇವುಗಳ ನಡುವೆ ಲೆಕ್ಕಕ್ಕೇ ಸಿಗದ ಒಂದು ಖರ್ಚಿದೆ. ದನ ಕರು ಹಾಕಿದ ದಿನ, ತೋಟಕ್ಕೆ ಮದ್ದು ಬಿಡುವ ದಿನ, ಸೊಸೈಟಿಯ ಸಭೆಯ ದಿನ ಅಡುಗೆಗೆ ಹೊತ್ತು ಸಾಲದೆ ಹೋಟೆಲಿನಿಂದ ತರಿಸುವ ಪಲ್ಯ, ಬೇಕರಿಯ ಬನ್ಸು, ದುಬಾರಿ ದಿನದಲ್ಲಿ ಅವಸರಕ್ಕೆ ಕೊಳ್ಳುವ ತರಕಾರಿ.

ಉದಾಹರಣೆಗೆ ವಾರಕ್ಕೆ ಮೂರು ಸಲ, ಒಂದು ಸಲಕ್ಕೆ 80 ರೂಪಾಯಿಯಂತೆ ಖರ್ಚಾದರೆ ನಾಲ್ಕು ವಾರಕ್ಕೆ 960 ರೂಪಾಯಿ. ಹಾಲಿಗೆ ಲೀಟರಿಗೆ 40 ರೂಪಾಯಿ ಎಂದು ಹಿಡಿದರೆ ಅದು 24 ಲೀಟರ್ ಹಾಲಿನ ಹಣ. ಕರೆಯುವುದಕ್ಕೆ ಎಷ್ಟು ಕಷ್ಟವಿದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ನಮಗೆ ಹೊಸದಲ್ಲ

ಮಳೆಗಾಲಕ್ಕೆ ಕೂಡಿಡುವುದು ನಮ್ಮೂರಿಗೆ ಹಳೆಯ ಅಭ್ಯಾಸ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಉಪ್ಪಡ್ ಪಚ್ಚಿಲ್ ಮಾಡುವುದು, ಹಲಸಿನ ಹಪ್ಪಳ, ಉಪ್ಪಿನಲ್ಲಿಟ್ಟ ಮಾವಿನಕಾಯಿ, ಒಣಗಿಸಿದ ಪುನರ್ಪುಳಿ, ಒಣಮೀನು. ಆಟಿ ತಿಂಗಳಲ್ಲಿ ಅಂಗಡಿಗೆ ಹೋಗಲಾಗದ ದಿನಗಳಿಗೆಂದೇ ಹಿರಿಯರು ಇವನ್ನು ಮಾಡಿಟ್ಟರು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದ್ದು ಬೆಳ್ತಂಗಡಿಯವರಿಗೆ ನೆನಪಿರಬಹುದು. ಘಟ್ಟದ ಮೇಲಿಂದ ಬರುವ ತರಕಾರಿಯನ್ನು ನಂಬಿದವರಿಗೆ ಮಳೆಗಾಲ ಯಾವಾಗಲೂ ದುಬಾರಿ. ಮೀನಿನದ್ದೂ ಹಾಗೆಯೇ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಸಮುದ್ರಕ್ಕಿಳಿಯುವಂತಿಲ್ಲ, ದರ ಏರುತ್ತದೆ.

ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅನೇಕ ಹೈನುಗಾರರ ಮನೆಗಳಲ್ಲಿ ಫ್ರಿಜ್ ಇದೆ. ಅದರ ಮೇಲ್ಗಡೆಯ ಫ್ರೀಜರಿನಲ್ಲಿ ಹೆಚ್ಚಾಗಿ ಐಸ್ ಮತ್ತು ಮರೆತುಹೋದ ಯಾವುದೋ ಪೊಟ್ಟಣ. ಅದನ್ನೇ ಕೆಲಸಕ್ಕೆ ಹಚ್ಚಬಹುದು.

ಏನನ್ನು ಇಡಬಹುದು?

ಬಿಡುವಿರುವ ಒಂದು ಮಧ್ಯಾಹ್ನ, ಮನೆಯವರನ್ನೂ ಕೂರಿಸಿಕೊಂಡು ಇವುಗಳಲ್ಲಿ ಒಂದೆರಡನ್ನು ಮಾಡಿ:

• ಹಲಸಿನ ಸೊಳೆ: ಬಲಿತ ಕಾಯಿಯ ಸೊಳೆಯನ್ನು ಕುದಿಯುವ ನೀರಿನಲ್ಲಿ ಎರಡು-ಮೂರು ನಿಮಿಷ ಹಾಕಿ ತೆಗೆದು, ತಣ್ಣೀರಿಗೆ ಹಾಕಿ, ನೀರು ಬಸಿದು ಬಟ್ಟೆಯಲ್ಲಿ ಒರಸಿ ಕಟ್ಟಿಡಿ. ಉಪ್ಪು ನೀಗಿಸುವ ಕೆಲಸವಿಲ್ಲ.
• ಬೇಯಿಸಿದ ಕಡಲೆ, ಹುರುಳಿ, ಅಲಸಂಡೆ: ರಾತ್ರಿ ನೆನೆಹಾಕಿ ಒಂದೇ ಸಲ ಹೆಚ್ಚು ಬೇಯಿಸಿ. ಮಸಾಲೆ ಹಾಕಿದರೆ ಗಸಿ, ಒಗ್ಗರಣೆ ಹಾಕಿದರೆ ಪಲ್ಯ. ಗ್ಯಾಸೂ ಉಳಿಯುತ್ತದೆ.
• ತೆಂಗಿನ ತುರಿ ಮತ್ತು ಅರೆದ ಮಸಾಲೆ: ಮಸಾಲೆಗೆ ನೀರು ಕಡಿಮೆ ಹಾಕಿ ಗಟ್ಟಿಯಾಗಿ ಅರೆದು, ಒಂದು ಸಲದ ಸಾರಿಗೆ ಬೇಕಾದಷ್ಟರ ಪೊಟ್ಟಣ ಮಾಡಿ.
• ಮೀನು: ದರ ಇಳಿದ ದಿನ ಸ್ವಚ್ಛ ಮಾಡಿ, ತೊಳೆದು, ನೀರಿಳಿಸಿ ಒಂದು ಊಟದ ಲೆಕ್ಕದಲ್ಲಿ ಇಡಿ. ಬಂಗುಡೆ, ಬೂತಾಯಿಗಳಲ್ಲಿ ಎಣ್ಣೆಯಂಶ ಹೆಚ್ಚು, ಬೇಗ ರುಚಿ ಕೆಡುತ್ತದೆ. ಹೆಚ್ಚು ದಿನ ಇಡಬೇಡಿ.
• ಬೆಂದ ಪತ್ರೊಡೆ: ಆರಿದ ಮೇಲೆ ಕತ್ತರಿಸಿ ಇಡಬಹುದು. ಬೇಕಾದಾಗ ಕಾವಲಿಯಲ್ಲಿ ಕಾಯಿಸಿದರೆ ಸಾಕು.

ಸೌತೆಕಾಯಿ, ಕುಂಬಳಕಾಯಿ, ಬಟಾಟೆ ಹಾಕಿದ ಸಾಂಬಾರು ಇದಕ್ಕೆ ಆಗದು. ಮಂಜು ಬಿಟ್ಟಾಗ ಹೋಳು ನೀರಾಗಿ ಮೆತ್ತಗಾಗುತ್ತವೆ.

ತಪ್ಪದೆ ಪಾಲಿಸಬೇಕಾದದ್ದು

ಬೇಯಿಸಿದ್ದನ್ನು ಅಗಲ ಪಾತ್ರೆಗೆ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ರಾತ್ರಿಯಿಡೀ ಒಲೆಯ ಬದಿಯಲ್ಲಿಟ್ಟು ಬೆಳಿಗ್ಗೆ ಫ್ರೀಜರಿಗೆ ಹಾಕಿದರೆ ಪ್ರಯೋಜನವಿಲ್ಲ. ಚಳಿಯಲ್ಲಿ ಕ್ರಿಮಿಗಳು ಸುಮ್ಮನಿರುತ್ತವೆ ಅಷ್ಟೆ, ಎಲ್ಲವೂ ಸಾಯುವುದಿಲ್ಲ. ಪೊಟ್ಟಣ ಚಪ್ಪಟೆಯಾಗಿರಲಿ, ಮೇಲೆ ತಾರೀಕು ಬರೆಯಿರಿ. ಹಿಂದಿನ ರಾತ್ರಿಯೇ ಕೆಳಗಿನ ಫ್ರಿಜ್‌ಗೆ ಇಳಿಸಿ, ಚೆನ್ನಾಗಿ ಕುದಿಸಿ ಬಳಸಿ. ಒಮ್ಮೆ ಮಂಜು ಬಿಟ್ಟದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ.

ಒಂದೇ ಬಾಗಿಲಿನ ಫ್ರಿಜ್ ಆದರೆ ಐಸಿನ ಭಾಗ ಅಷ್ಟು ತಂಪಾಗಿರುವುದಿಲ್ಲ. ಅಲ್ಲಿಟ್ಟದ್ದನ್ನು ಎರಡು ಮೂರು ವಾರದಲ್ಲಿ ಮುಗಿಸಿ. ಪ್ರತ್ಯೇಕ ಬಾಗಿಲಿನ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ಮೂರು ತಿಂಗಳು ತೊಂದರೆಯಿಲ್ಲ.

ಕರೆಂಟ್ ಹೋದರೆ? ಗಾಳಿಮಳೆಗೆ ನಮ್ಮಲ್ಲಿ ಇದೇ ದೊಡ್ಡ ಪ್ರಶ್ನೆ. ಬಾಗಿಲು ತೆರೆಯದಿದ್ದರೆ ತುಂಬಿದ ಪ್ರತ್ಯೇಕ ಫ್ರೀಜರ್ ಸುಮಾರು ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಡೆಯುತ್ತದೆ. ಫ್ರಿಜ್ಜಿನೊಳಗಿನ ಸಣ್ಣ ಐಸಿನ ಭಾಗ ಅಷ್ಟು ಹೊತ್ತು ತಡೆಯುವುದಿಲ್ಲ. ಒಂದು ಲೋಟ ನೀರನ್ನು ಮಂಜುಗಟ್ಟಿಸಿ ಮೇಲೆ ಒಂದು ನಾಣ್ಯ ಇಡಿ. ನೀವು ಮನೆಯಲ್ಲಿಲ್ಲದಾಗ ಕರೆಂಟ್ ಹೋಗಿ ಬಂದಿದ್ದರೂ ನಾಣ್ಯ ಕೆಳಗಿಳಿದಿದ್ದರೆ ಒಳಗಿನದೆಲ್ಲ ಕರಗಿತ್ತು ಎಂದರ್ಥ. ಅದನ್ನು ತಿನ್ನಬೇಡಿ.

ಉಳಿದ ಅನ್ನ ಹಟ್ಟಿಗೆ ಬೇಡ

ಇಲ್ಲಿ ಪಶುವೈದ್ಯರ ಮಾತು ಒಂದಿದೆ. ಪೂಜೆ, ಮದುವೆ, ಗೃಹಪ್ರವೇಶ ಮುಗಿದ ಮೇಲೆ ಹಂಡೆಯಲ್ಲಿ ಉಳಿದ ಅನ್ನ, ಪಾಯಸ ಬಿಸಾಡಲು ಮನಸ್ಸಾಗದೆ ದನಕ್ಕೆ ಸುರಿಯುತ್ತೇವೆ. ಹಲಸಿನ ಸೀಸನ್ನಿನಲ್ಲಿ ಬುಟ್ಟಿಗಟ್ಟಲೆ ಹಣ್ಣೂ ಹಾಗೆಯೇ. ಅಭ್ಯಾಸವಿಲ್ಲದ ದನ ಒಮ್ಮೆಲೇ ಇವನ್ನು ತಿಂದರೆ ಹೊಟ್ಟೆಯಲ್ಲಿ ಆಮ್ಲ ವಿಪರೀತ ಹೆಚ್ಚುತ್ತದೆ. ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಹುಳಿವಾಸನೆಯ ಭೇದಿಯಾಗುತ್ತದೆ, ಕಡೆಗೆ ಎದ್ದು ನಿಲ್ಲಲಾಗದೆ ಮಲಗುತ್ತದೆ. ಒಂದೇ ದಿನದಲ್ಲಿ ಸಾಯಲೂಬಹುದು. ಇಂಥ ಕರೆಗಳು ಬಂದಾಗ ಕೆಲವೊಮ್ಮೆ ನಾವು ಮುಟ್ಟುವ ಹೊತ್ತಿಗೆ ತಡವಾಗಿರುತ್ತದೆ.

ಅನ್ನ ಉಳಿಯದಂತೆ ಅಳತೆ ನೋಡಿ ಬೇಯಿಸಿ, ಪಲ್ಯ, ಗಸಿಯಂಥದ್ದು ಉಳಿದರೆ ಹೊತ್ತಿನಲ್ಲಿ ಫ್ರೀಜರಿಗೆ ಸೇರಿಸಿ. ಊಟದ ಹಣವೂ ಉಳಿಯುತ್ತದೆ, ದನವೂ. ದನ ಕದ್ದು ತಿಂದಿದೆ ಎಂದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಕರುವಿಗೂ ಒಂದು ಪಾಲು

ಫ್ರೀಜರಿನಲ್ಲಿ ಒಂದು ಮೂಲೆಯನ್ನು ಕರುವಿಗೆ ಬಿಡಿ. ತಾಯಿ ದನ ಸತ್ತರೆ, ಕೆಚ್ಚಲು ಬಾವು ಬಂದರೆ ಕರುವಿಗೆ ಗಿಣ್ಣುಹಾಲು ಸಿಗುವುದಿಲ್ಲ. ಹುಟ್ಟಿದ ಕರುವಿಗೆ ರೋಗ ನಿರೋಧಕ ಶಕ್ತಿ ಬರುವುದು ಗಿಣ್ಣುಹಾಲಿನಿಂದಲೇ. ಮೊದಲ ಗಂಟೆಗಳಲ್ಲಿ ಕುಡಿದಷ್ಟೂ ಒಳ್ಳೆಯದು, ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 25 ಕೆ.ಜಿ. ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಬೇಕು.

ಹಾಗಾಗಿ ಆರೋಗ್ಯವಂತ ದನ ಕರು ಹಾಕಿದಾಗ ಅದರ ಕರು ಹೊಟ್ಟೆ ತುಂಬ ಕುಡಿದ ಮೇಲೆ ಮೊದಲ ಕರಾವಿನ ಗಿಣ್ಣನ್ನು ಒಂದೊಂದು ಲೀಟರಿನ ಚಪ್ಪಟೆ ಪೊಟ್ಟಣದಲ್ಲಿ ಗಟ್ಟಿಮಾಡಿಡಿ. ಮೈನಸ್ 18 ಡಿಗ್ರಿಯಲ್ಲಿ ಒಂದು ವರ್ಷದವರೆಗೂ ಉಪಯೋಗಕ್ಕೆ ಬರುತ್ತದೆ. ಕರಗಿಸಲು ಕುದಿಯುವ ನೀರು ಬೇಡ, ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಪೊಟ್ಟಣ ಮುಳುಗಿಸಿಡಿ. ಹೆಚ್ಚು ಬಿಸಿಯಾದರೆ ಅದರ ಶಕ್ತಿಯೇ ಹೋಗುತ್ತದೆ.

ಗರ್ಭಪಾತವಾದ ದನದ್ದು, ರಕ್ತ ಮಿಶ್ರಿತವಾದದ್ದು, ಕೆಚ್ಚಲು ಬಾವು ಇರುವ ದನದ್ದು ಖಂಡಿತ ಬೇಡ. ಗರ್ಭಪಾತಕ್ಕೆ ಬ್ರುಸೆಲ್ಲಾ ಕಾರಣವಿದ್ದರೆ ಅದು ಹಸಿ ಹಾಲಿನಿಂದ, ಕಸದಿಂದ ಮನುಷ್ಯರಿಗೂ ಬರುತ್ತದೆ. ಕರುವಿನ ಪೊಟ್ಟಣವನ್ನು ಬೇರೆಯೇ ಡಬ್ಬಿಯಲ್ಲಿ ಮುಚ್ಚಿ, ಹೆಸರು ಬರೆದು, ಮನೆಯವರ ಆಹಾರಕ್ಕೆ ತಾಗದಂತೆ ಇಡಿ. ದನದ ಲಸಿಕೆಯನ್ನು ಮಾತ್ರ ಫ್ರೀಜರಿಗೆ ಹಾಕಬೇಡಿ. ಕಾಲುಬಾಯಿ ಲಸಿಕೆ ಗಡ್ಡೆಕಟ್ಟಿದರೆ ಕೆಡುತ್ತದೆ.

ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಕಿಲ್ಲ ಅಕ್ಕಾ. ಈ ವಾರ ಎರಡು ಸೇರು ಕಡಲೆ ಹೆಚ್ಚು ಬೇಯಿಸಿ ನಾಲ್ಕು ಪೊಟ್ಟಣ ಮಾಡಿ. ಹೊರಗಿನ ಊಟಕ್ಕೆ ಕೊಡಬೇಕಿದ್ದ ಹಣವನ್ನು ಪ್ರತಿ ಸಲವೂ ಒಂದು ಡಬ್ಬಿಗೆ ಹಾಕಿ, ಮುಂದಿನ ಹಾಲಿನ ಬಿಲ್ಲು ಬಂದ ದಿನ ಎಣಿಸಿ ನೋಡಿ.