ಹಸಿರು ಬಾಗಿಲು ಮತ್ತು ಗುರುವಾರದ ಸಂಜೆ

ಹೆಣ್ಣನ್ನೇ ಪ್ರೀತಿಸುವ ಹೆಣ್ಣುಮಕ್ಕಳು, ಅಂದರೆ ಸಲಿಂಗಾನುರಾಗಿ ಮಹಿಳೆಯರು, ಹೆದರಿಕೆಯಿಲ್ಲದೆ ಕೂಡಿ ಕೂರಲು ಒದಗುವ ಪಾನಗೃಹವನ್ನು ಪಾಶ್ಚಾತ್ಯ ನಗರಗಳಲ್ಲಿ ಲೆಸ್ಬಿಯನ್ ಬಾರ್ ಎನ್ನುತ್ತಾರೆ; ಅಲ್ಲಿ ಮಾರಾಟವಾಗುವುದು ಮದ್ಯವಾದರೂ ಬರುವವರು ಅರಸುವುದು ತಮ್ಮಂಥವರ ಮುಖಗಳನ್ನು. ಲಂಡನ್ನಿನ ಚೆಲ್ಸಿಯಲ್ಲಿ 1931ರಲ್ಲಿ ತೆರೆದ ಗೇಟ್‌ವೇಸ್ ಕ್ಲಬ್ಬಿಗೆ ಬೀದಿಬದಿಯ ಹಸಿರು ಬಾಗಿಲೇ ಗುರುತಾಗಿದ್ದು, ಅದನ್ನು ದೂಡಿ ಕಡಿದಾದ ಮೆಟ್ಟಿಲಿಳಿದರೆ ಕಿಟಕಿಯಿಲ್ಲದ ನೆಲಮಾಳಿಗೆ ಎದುರಾಗುತ್ತಿತ್ತು. 1967ರಿಂದ ಹೆಂಗಸರಿಗೇ ಮೀಸಲಾದ ಅದು 1985ರವರೆಗೆ ಬಾಳಿತು. ನೌಕರಿಯನ್ನೂ ಮನೆಯನ್ನೂ ಕಳೆದುಕೊಳ್ಳುವ ಭಯದಲ್ಲಿದ್ದವರಿಗೆ ಬೇರೆ ತಾಣಗಳು ವಿರಳವಾಗಿದ್ದವು.

ಪೇಟೆಗೆ ಹೊರಟವರನ್ನು ಬಸ್ಸಿನಲ್ಲಿ ನಾಲ್ಕು ಮಂದಿಯಾದರೂ ಗುರುತಿಸುವ, ಸುಳ್ಯದ ಅಜ್ಜಾವರದಂಥ ಊರಿನಲ್ಲಿ ಇಂಥ ಬಾಗಿಲನ್ನು ಊಹಿಸುವುದೂ ಕಷ್ಟ. ಜಿಲ್ಲಾಕೇಂದ್ರ ಮಂಗಳೂರಿನಲ್ಲೇ 2009ರ ಜನವರಿ 24ರಂದು ಪಬ್ಬಿಗೆ ಹೋಗಿದ್ದ ಯುವತಿಯರನ್ನು ಹೊಡೆದು ಅಟ್ಟಲಾಯಿತು. ಇಂಥ ವಾತಾವರಣದ ಕರ್ನಾಟಕದಲ್ಲಿ ಬಾರಿನ ಕೆಲಸವನ್ನು ಬೇರೆ ಬಗೆಯ ಕೂಟಗಳು ಮಾಡಿದವು. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ‘ಗುಡ್ ಆ್ಯಸ್ ಯು’ ಎಂಬ ಸಲಿಂಗಾನುರಾಗಿಗಳ ಬಳಗ ಗುರುವಾರದ ಸಂಜೆ ಸೇರುತ್ತಿತ್ತು. ಅಲ್ಲಿ ಗಂಡಸರೇ ಹೆಚ್ಚು. ಇಂಗ್ಲಿಷ್ ಬಾರದ, ದುಡಿದು ಉಣ್ಣುವ ಹೆಣ್ಣುಮಕ್ಕಳಿಗೆ ಮುಂದೆ ‘ಲೆಸ್ಬಿಟ್’ನಂಥ ಗುಂಪುಗಳು ನೆರಳಾದವು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಡಿ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತಾದರೂ, ಕತ್ತಲಾಗುವ ಮುನ್ನ ಮನೆ ಸೇರಬೇಕಾದ ಹುಡುಗಿಗೆ ಬಾರಿಗಿಂತ ಮಧ್ಯಾಹ್ನದ ಚಹಾಕೂಟವೇ ಇಂದಿಗೂ ಹೆಚ್ಚು ಅನುಕೂಲ.