ಕ್ಯಾಮೆರಾ ಕಾಲಿಂಗ್ ಬೆಲ್: ಸುಳ್ಳು ಎಚ್ಚರಿಕೆಗೆ ಕಾರಣ ಮತ್ತು ಪರಿಹಾರ

ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳ ಹಲವು ಮನೆಗಳಲ್ಲಿ ಹಗಲು ಹೊತ್ತು ಉಳಿಯುವವರು ವಯಸ್ಸಾದವರು ಮಾತ್ರ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ, ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂತಿರುಗುವವರು ಸಾವಿರಾರು ಮಂದಿ. ರೈತರ ಮಕ್ಕಳೂ ಬಂಗಾರಪೇಟೆಯಲ್ಲಿ ಆ ರೈಲು ಹತ್ತುತ್ತಾರೆ. ತೋಟದ ಮನೆಯಲ್ಲಿರುವ ತಂದೆತಾಯಿಗಳ ಮೇಲೆ ಒಂದು ಕಣ್ಣಿರಲಿ ಎಂದು ಕೆಲವರು ಬಾಗಿಲಿಗೆ ಕ್ಯಾಮೆರಾ ಇರುವ ಕಾಲಿಂಗ್ ಬೆಲ್ ಹಾಕಿಸಿದ್ದಾರೆ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೇಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ, ಕೊಯ್ದ ಮಾಲನ್ನು ಜಗಲಿಯಲ್ಲಿ ಇಟ್ಟು ನಿದ್ದೆ ಮಾಡುವುದೇ ಕಷ್ಟವಾಗಿತ್ತು. ಕ್ಯಾಮೆರಾದ ಬೆಲೆ ಆಗ ಅನೇಕರಿಗೆ ಅರಿವಾಯಿತು.

ಈ ಉಪಕರಣ ಹಾಕಿಸಿದವರ ದೂರುಗಳು ಮುಖ್ಯವಾಗಿ ಎರಡು. ಒಂದು, ಯಾರೂ ಬಾರದಿದ್ದರೂ ಫೋನಿಗೆ ಎಚ್ಚರಿಕೆ ಬರುತ್ತಲೇ ಇರುತ್ತದೆ. ಎರಡು, ಯಾರಾದರೂ ನಿಜವಾಗಿ ಬಂದಾಗ ಎಚ್ಚರಿಕೆ ಬರುವುದಿಲ್ಲ. ಮೊದಲನೆಯದೇ ಹೆಚ್ಚು ಅಪಾಯಕರ. ದಿನಕ್ಕೆ ಐವತ್ತು ಸಲ ಕೂಗಿದರೆ ಮಗ ಬೇಸತ್ತು ಅದನ್ನು ನಿಲ್ಲಿಸುತ್ತಾನೆ. 'ಹುಲಿ ಬಂತು ಹುಲಿ' ಕತೆಯಂತೆ, ನಿಜವಾದ ಹುಲಿ ಬಂದ ದಿನ ಕೇಳುವವರೇ ಇರುವುದಿಲ್ಲ. ಬೆಳೆಗೆ ರೋಗ ಬಂದಾಗ ಕಾರಣ ತಿಳಿಯದೆ ಔಷಧಿ ಹೊಡೆಯಬಾರದೆಂದು ನೀವು ಬಲ್ಲಿರಿ. ಇಲ್ಲಿಯೂ ಅದೇ ಕ್ರಮ ಅನುಸರಿಸಬೇಕು.

ಚಲನೆಯನ್ನು ಗುರುತಿಸುವ ಬಗೆ

ಬ್ಯಾಟರಿಯಿಂದ ನಡೆಯುವ ಬೆಲ್‌ಗಳು ಸಾಮಾನ್ಯವಾಗಿ ಶಾಖವನ್ನು ಗ್ರಹಿಸುತ್ತವೆ. ಮನುಷ್ಯ, ಹಸು, ನಾಯಿ ಇವುಗಳ ಮೈಯಿಂದ ಕಣ್ಣಿಗೆ ಕಾಣದ ಶಾಖಕಿರಣ ಹೊರಡುತ್ತದೆ. ಹಿಂದಿನ ಗೋಡೆ ಅಥವಾ ನೆಲಕ್ಕಿಂತ ಬೇರೆ ಶಾಖವುಳ್ಳ ಮೈ ಎದುರಿನಲ್ಲಿ ಹಾದುಹೋದಾಗ ಉಪಕರಣ ಎಚ್ಚರಗೊಳ್ಳುತ್ತದೆ. ಇದರಿಂದ ಮೂರು ಸಂಗತಿ ತಿಳಿಯುತ್ತದೆ. ಎಡದಿಂದ ಬಲಕ್ಕೆ ಅಡ್ಡ ಹಾಯುವವರನ್ನು ಅದು ಬೇಗ ಹಿಡಿಯುತ್ತದೆ. ನೇರವಾಗಿ ಬಾಗಿಲ ಕಡೆಗೇ ನಡೆದು ಬರುವವರನ್ನು ತಡವಾಗಿ ಹಿಡಿಯುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅಂಗಳವೇ ಮೈಯಷ್ಟು ಕಾದಿರುವಾಗ ಅದಕ್ಕೆ ವ್ಯತ್ಯಾಸ ತೋಚುವುದಿಲ್ಲ. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಈ ಕಿರಣ ಗಾಜನ್ನು ದಾಟದು, ಉಪಕರಣ ಕುರುಡಾಗುತ್ತದೆ.

ವಿದ್ಯುತ್ ತಂತಿ ಜೋಡಿಸಿದ ಬೆಲ್‌ಗಳಲ್ಲಿ ಹಲವು ಚಿತ್ರವನ್ನು ಹೋಲಿಸುತ್ತವೆ. ಒಂದು ಕ್ಷಣದ ಚಿತ್ರಕ್ಕೂ ಮುಂದಿನ ಕ್ಷಣದ ಚಿತ್ರಕ್ಕೂ ವ್ಯತ್ಯಾಸ ಕಂಡರೆ ಎಚ್ಚರಿಸುತ್ತವೆ. ಇವುಗಳಿಗೆ ತೂಗಾಡುವ ತೆಂಗಿನ ಗರಿ, ಹೊಂಗೆ ಮರದ ನೆರಳು, ಒಣಹಾಕಿದ ಸೀರೆ, ಟ್ರ್ಯಾಕ್ಟರಿನ ದೀಪ ಎಲ್ಲವೂ ಚಲನೆಯೇ. ನಿಮ್ಮ ಬೆಲ್ ಯಾವ ಬಗೆಯದೆಂಬುದನ್ನು ಅದರೊಡನೆ ಬಂದ ಪುಸ್ತಿಕೆಯಲ್ಲಿ ನೋಡಿ ತಿಳಿದುಕೊಳ್ಳುವುದು ಮೊದಲ ಕೆಲಸ.

ಸುಮ್ಮನೆ ಕೂಗುತ್ತಿದ್ದರೆ

ಅನೇಕರು ಕೂಡಲೇ ಆ್ಯಪ್ ತೆರೆದು ಸೂಕ್ಷ್ಮತೆಯನ್ನು ಕೆಳಕ್ಕೆ ಇಳಿಸಿಬಿಡುತ್ತಾರೆ. ಹೀಗೆ ಮಾಡಬಾರದು. ಸೂಕ್ಷ್ಮತೆ ಇಳಿಸಿದರೆ ಗರಿಯ ಜೊತೆಗೆ ಕಳ್ಳನೂ ಕಾಣದೆ ಹೋಗುತ್ತಾನೆ. ಅದು ಕೊನೆಯ ಮದ್ದು. ಈ ಕೆಳಗಿನ ಕ್ರಮದಲ್ಲಿ ಮುಂದುವರಿಯಿರಿ.

1. ಎರಡು ದಿನ ಲೆಕ್ಕ ಬರೆದಿಡಿ. ಎಚ್ಚರಿಕೆ ಬಂದ ವೇಳೆ ಮತ್ತು ವಿಡಿಯೋದಲ್ಲಿ ಕಂಡದ್ದೇನು ಎಂಬುದನ್ನು ಒಂದು ಹಾಳೆಯಲ್ಲಿ ಗುರುತು ಮಾಡಿ. ಬೆಳಿಗ್ಗೆ ಮತ್ತು ಸಂಜೆ ನಿಗದಿತ ಹೊತ್ತಿಗೆ ಬಂದರೆ ಡೈರಿಗೆ ಹಾಲು ಒಯ್ಯುವವರು ಕಾರಣವಿರಬಹುದು. ಬೆಳಗಿನ ಜಾವ ಬಂದರೆ ಅಂಗಳದ ಹಂಡೆ ಒಲೆಯ ಬಿಸಿ ಗಾಳಿಯೋ, ಕೋಲಾರಕ್ಕೆ ಟೊಮೇಟೊ ಹೊತ್ತ ಗಾಡಿಯ ಬಿಸಿ ಇಂಜಿನ್ನೋ ಇರಬಹುದು.

2. ಬೆಲ್ ಒರೆಸಿ. ರಾತ್ರಿ ಅದರ ಬೆಳಕಿಗೆ ಹುಳುಗಳು ಬರುತ್ತವೆ. ಹುಳು ಹಿಡಿಯಲು ಜೇಡ ಮುಖದ ಮುಂದೆಯೇ ಬಲೆ ಕಟ್ಟುತ್ತದೆ. ಒಂದು ಎಳೆ ಅಲ್ಲಾಡಿದರೂ ಹತ್ತಿರದಲ್ಲಿ ಹಗ್ಗದಷ್ಟು ದಪ್ಪ ಕಾಣುತ್ತದೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು.

3. ಸ್ಥಳ ಸರಿಪಡಿಸಿ. ನೆಲದಿಂದ ಸುಮಾರು 4 ಅಡಿ ಎತ್ತರ ಸೂಕ್ತ. ಮುಖ ರಸ್ತೆಯ ಕಡೆಗಿದ್ದರೆ ಹಿಂದೆ ಓರೆ ಬಿಲ್ಲೆ ಇಟ್ಟು ಮೆಟ್ಟಿಲ ಕಡೆಗೆ ತಿರುಗಿಸಬೇಕು. ಪೂರ್ವಾಭಿಮುಖ ಬಾಗಿಲಾದರೆ ಎಳೆ ಬಿಸಿಲು ನೇರ ಬೀಳದಂತೆ ಸ್ವಲ್ಪ ಮರೆ ಮಾಡಬೇಕು. ಎದುರಿಗೆ ಚಾಚಿರುವ ಗರಿ, ಕೊಂಬೆಗಳನ್ನು ಸವರಿ.

4. ಮೋಷನ್ ಜೋನ್ ಗುರುತಿಸಿ. ಆ್ಯಪ್‌ನಲ್ಲಿ ಚಿತ್ರದ ಮೇಲೆ ಚೌಕ ಎಳೆದು ಎಲ್ಲಿ ಕಾಯಬೇಕು, ಎಲ್ಲಿ ಬೇಡ ಎಂದು ಹೇಳಬಹುದು. ಹೊಲಕ್ಕೆ ಬದು ಹಾಕಿದಂತೆ ಇದು. ಜಗಲಿ, ಮೆಟ್ಟಿಲು, ಗೇಟು ಒಳಗಿರಲಿ. ರಸ್ತೆ ಮತ್ತು ಮರ ಹೊರಗಿರಲಿ. ಕೆ.ಜಿ.ಎಫ್.ನ ಗಣಿ ಲೈನ್ ಮನೆಗಳಲ್ಲಿ ಎದುರು ಮನೆಯ ಬಾಗಿಲು ಕೆಲವೇ ಅಡಿ ದೂರದಲ್ಲಿರುತ್ತದೆ. ಅದನ್ನು ಹೊರಗೆ ಬಿಡುವುದು ಸುಳ್ಳು ಎಚ್ಚರಿಕೆ ತಪ್ಪಿಸುವುದಕ್ಕೆ ಮಾತ್ರವಲ್ಲ, ನೆರೆಯವರ ಮರ್ಯಾದೆಗೂ ಅಗತ್ಯ.

5. ಮನುಷ್ಯರನ್ನು ಮಾತ್ರ ಗುರುತಿಸುವ ಅನುಕೂಲವಿದ್ದರೆ ಬಳಸಿ. ಸೀಮೆ ಹಸು, ನಾಯಿ, ಕೋಳಿ ಓಡಾಡುವ ಅಂಗಳಕ್ಕೆ ಇದು ಬಹಳ ಉಪಯುಕ್ತ. ಆದರೆ ಹುಲ್ಲಿನ ಹೊರೆ ಹೊತ್ತವರನ್ನು, ಗೋಣಿ ಕೊಪ್ಪೆ ಹಾಕಿಕೊಂಡವರನ್ನು ಅದು ಗುರುತಿಸದೆ ಇರುವುದುಂಟು. ಮನೆಯಲ್ಲಿ ಯಾರೂ ಇಲ್ಲದ ದಿನ ಎಲ್ಲ ಚಲನೆಗೂ ಎಚ್ಚರಿಸುವಂತೆ ಇಡುವುದು ಲೇಸು.

6. ಇಷ್ಟಾದರೂ ನಿಲ್ಲದಿದ್ದರೆ ಮಾತ್ರ ಸೂಕ್ಷ್ಮತೆಯನ್ನು ಒಂದೇ ಒಂದು ಮೆಟ್ಟಿಲು ಇಳಿಸಿ, ಮತ್ತೆ ಎರಡು ದಿನ ಲೆಕ್ಕ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಗೊಬ್ಬರ ಒಟ್ಟಿಗೆ ಹಾಕಿದರೆ ಯಾವುದರಿಂದ ಪೈರು ಚೇತರಿಸಿತೆಂದು ಹೇಗೆ ತಿಳಿಯುವುದು?

ಕೂಗಬೇಕಾದಾಗ ಕೂಗದಿದ್ದರೆ

ಬೆಲ್ ಒತ್ತಿ ನೋಡಿ. ಒತ್ತಿದರೂ ಮಗನ ಫೋನಿಗೆ ಸುದ್ದಿ ಹೋಗದಿದ್ದರೆ ದೋಷ ಚಲನೆಯ ಸೆಟಿಂಗ್‌ನಲ್ಲಿಲ್ಲ. ಫೋನಿನಲ್ಲೋ ವೈಫೈಯಲ್ಲೋ ಇದೆ. ಫೋನಿನಲ್ಲಿ ಆ ಆ್ಯಪ್‌ಗೆ ನೋಟಿಫಿಕೇಶನ್ ಅನುಮತಿ ಇರಬೇಕು. ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಮಲಗಿಸಿರುವುದೂ ಉಂಟು. ಅದರಿಂದ ಈ ಆ್ಯಪ್‌ಗೆ ವಿನಾಯಿತಿ ಕೊಡಬೇಕು.

ನಮ್ಮ ಕಡೆಯ ಕಲ್ಲುಚಪ್ಪಡಿ ಮತ್ತು ದಪ್ಪ ಮಣ್ಣಿನ ಗೋಡೆಗಳು ವೈಫೈ ಅಲೆಗಳನ್ನು ತಡೆಯುತ್ತವೆ. ರೂಟರನ್ನು ಬಾಗಿಲಿಗೆ ಹತ್ತಿರ ತನ್ನಿ, 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟುವುದು ಹೆಚ್ಚು. ಕರೆಂಟು ಹೋದಾಗ ಬೆಲ್‌ಗೆ ಬ್ಯಾಟರಿ ಇದ್ದರೂ ರೂಟರ್ ನಿಂತರೆ ಫೋನಿಗೆ ಸುದ್ದಿ ಬಾರದು. ರೂಟರಿಗೆ ಚಿಕ್ಕ ಯು.ಪಿ.ಎಸ್. ಜೋಡಿಸುವುದು ಒಳ್ಳೆಯದು.

ಬೆಲ್ ಒತ್ತಿದಾಗ ಸುದ್ದಿ ಹೋಗಿ, ನಡೆದು ಬಂದಾಗ ಹೋಗದಿದ್ದರೆ ನಡೆದು ಪರೀಕ್ಷಿಸಬೇಕು. ಬಾಗಿಲಿನಿಂದ 5, 10, 15, 20 ಅಡಿಗಳಲ್ಲಿ ಸುಣ್ಣದ ಗೆರೆ ಎಳೆಯಿರಿ. ಒಬ್ಬರು ಪ್ರತಿ ಗೆರೆಯ ಮೇಲೆ ಅಡ್ಡ ನಡೆಯಲಿ, ಅನಂತರ ಬಾಗಿಲ ಕಡೆಗೆ ನೇರ ಬರಲಿ. ಇನ್ನೊಬ್ಬರು ಫೋನ್ ಹಿಡಿದು ನೋಡಲಿ. ಪ್ರತಿ ನಡಿಗೆಯ ನಡುವೆ ಕೆಲವು ನಿಮಿಷ ಬಿಡಬೇಕು. ಬ್ಯಾಟರಿ ಉಳಿಸಲು ಒಂದು ಎಚ್ಚರಿಕೆಯಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವ ಬೆಲ್‌ಗಳುಂಟು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಈ ಪರೀಕ್ಷೆ ಮಾಡಿ. ಜಗಲಿಯ ಮಾಲಿಗೆ ಕೈ ಹಾಕುವ ಮುನ್ನ, ಎಂದರೆ 10 ಅಡಿಯಲ್ಲಾದರೂ ಎಚ್ಚರಿಕೆ ಬರಬೇಕು.

ಕಾಲಕ್ಕೆ ತಕ್ಕ ಬದಲಾವಣೆ

ಬೇಸಿಗೆಯಲ್ಲಿ ಶಾಖ ಗ್ರಹಿಸುವ ಬೆಲ್‌ನ ಸೂಕ್ಷ್ಮತೆಯನ್ನು ಒಂದು ಮೆಟ್ಟಿಲು ಏರಿಸಿ. ಆಷಾಢದ ಗಾಳಿಗೆ ಕೊಂಬೆ ಸವರಿ, ಮೋಷನ್ ಜೋನ್ ಬಿಗಿ ಮಾಡಿ. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳ ಸುತ್ತಲಿನವರು ಗಾಳಿಯ ದಿನಗಳಲ್ಲಿ ನುಣುಪಾದ ಧೂಳನ್ನು ವಾರಕ್ಕೊಮ್ಮೆ ಒರೆಸಬೇಕು. ಮಳೆ ಬಿದ್ದ ಸಂಜೆ ಮಳೆಹುಳುಗಳು ಮುತ್ತುವುದರಿಂದ ಜಗಲಿಯ ಬಲ್ಬು ಬೆಲ್‌ನಿಂದ ದೂರವಿರಲಿ. ಮಾಗಿಯ ಮಂಜಿನಲ್ಲಿ ರಾತ್ರಿಯ ಚಿತ್ರ ಬೆಳ್ಳಗಾಗಿ ಸುಳ್ಳು ಎಚ್ಚರಿಕೆ ಹೆಚ್ಚಬಹುದು. ಆಗ ಬೇಸಿಗೆಯಲ್ಲಿ ಏರಿಸಿದ್ದನ್ನು ಇಳಿಸಲು ಮರೆಯಬೇಡಿ.

ಆನೆ ಬರುವ ಕಡೆಗಳಲ್ಲಿ

ಕಾಮಸಮುದ್ರ, ಬೂದಿಕೋಟೆ ಸುತ್ತಿನ ಗಡಿ ಹಳ್ಳಿಗಳಿಗೆ ನೆರೆರಾಜ್ಯದ ಕಾಡುಗಳಿಂದ ಆನೆಗಳು ಬರುತ್ತವೆ. ಈ ಬೆಲ್ ಆನೆ ಕಾಯುವ ಸಾಧನವಲ್ಲ ಎಂಬುದನ್ನು ಚೆನ್ನಾಗಿ ನೆನಪಿಡಿ. ಅದರ ನೋಟ ಹೆಚ್ಚೆಂದರೆ 20-30 ಅಡಿ. ಅದರಲ್ಲಿ ಆನೆ ಕಂಡಿತೆಂದರೆ ಆನೆ ಅಂಗಳದಲ್ಲಿದೆ ಎಂದೇ ಅರ್ಥ. ರಾತ್ರಿ ಎಚ್ಚರಿಕೆ ಬಂದರೆ ಬ್ಯಾಟರಿ ಹಿಡಿದು ಬಾಗಿಲು ತೆರೆಯಬಾರದು. ಮೊದಲು ಫೋನಿನಲ್ಲಿ ನೋಡಿ. ಆನೆಯಾದರೆ ಒಳಗೇ ಇದ್ದು ಅರಣ್ಯ ಇಲಾಖೆಯವರಿಗೆ ತಿಳಿಸಿ. ಅಪರಿಚಿತರಾದರೆ ಒಳಗಿನಿಂದಲೇ ಬೆಲ್ ಮೂಲಕ ಮಾತನಾಡಿಸಿ, ಅಗತ್ಯಬಿದ್ದರೆ 112ಕ್ಕೆ ಕರೆ ಮಾಡಿ. ವಯಸ್ಸಾದವರಿಗೆ ಇದನ್ನು ಎರಡು ಮೂರು ಬಾರಿ ಮಾಡಿಸಿ ಅಭ್ಯಾಸ ಮಾಡಿಸಬೇಕು.

1902ರಲ್ಲಿ ಶಿವನಸಮುದ್ರದಿಂದ ತಂತಿಯ ಮೂಲಕ ವಿದ್ಯುತ್ ಬಂದ ನೆಲ ಇದು. ಹೊಸ ಯಂತ್ರ ನಮ್ಮವರಿಗೆ ಹೊಸದಲ್ಲ. ಆದರೆ ಯಾವ ಯಂತ್ರವೂ ಹಾಕಿಸಿದ ದಿನದಿಂದಲೇ ನಮ್ಮ ಅಂಗಳವನ್ನು ಅರಿಯುವುದಿಲ್ಲ. ಒರೆಸುವುದು, ತಿರುಗಿಸುವುದು, ಬದು ಹಾಕುವುದು, ನಡೆದು ನೋಡುವುದು, ಕೊನೆಗೆ ಸೂಕ್ಷ್ಮತೆ: ಈ ಕ್ರಮ ಪಾಲಿಸಿದರೆ ದಿನಕ್ಕೆ ಬರುವ ಎಚ್ಚರಿಕೆ ಬೆರಳೆಣಿಕೆಗೆ ಇಳಿಯಬಹುದು. ಎಚ್ಚರಿಕೆ ಅಪರೂಪವಾದಾಗಲೇ ರೈಲಿನಲ್ಲಿ ಕುಳಿತ ಮಗ ಫೋನನ್ನು ಜೇಬಿನಿಂದ ತೆಗೆದು ನೋಡುತ್ತಾನೆ.